ಧನುರ್ಮಾಸದ ಟರ್ಕಿ ಕೋಳಿ

"ಎಷ್ಟು ದೊಡ್ಡದುಂಟು ಅದು?" ಎಂದು ಅಣ್ಣ ಕೇಳಿದ.

ನಾನು ಎರಡೂ ಕೈ ಅಗಲಿಸಿ ತೋರಿಸಿದೆ. ಅವನು ಗಲ್ಲಾದಿಂದ ಎದ್ದು, ಗಿರಾಕಿಗಳ ಕಿವಿಗೆ ಬೀಳಬಾರದೆಂದು ನನ್ನನ್ನು ಹೋಟೆಲಿನ ಹಿಂದಿನ ಓಣಿಗೆ ಕರೆದುಕೊಂಡು ಹೋದ. ಠಾಣೆಯ ವರ್ತಕ ನಗರದಲ್ಲಿ ನಮ್ಮ ತಂದೆ ಶುರು ಮಾಡಿದ ಶಾಕಾಹಾರಿ ಹೋಟೆಲು ಅದು. ಅಲ್ಲಿಯ ಸಾಂಬಾರಿಗೆ ಈರುಳ್ಳಿ ಹಾಕುವುದಕ್ಕೇ ತಂದೆ ಬಹಳ ವರ್ಷ ಒಪ್ಪಿರಲಿಲ್ಲ. ಅಂಥ ಜಾಗದ ಫ್ರಿಜ್ಜಿನಲ್ಲಿ ಒಂದು ಇಡೀ ಟರ್ಕಿ ಕೋಳಿಯನ್ನು ಮೂರು ದಿನ ಇಡಬಹುದೇ ಎಂದು ನಾನು ಕೇಳಿದ್ದೆ.

"ಕೋಳಿ. ನಮ್ಮ ಹೋಟೆಲಲ್ಲಿ. ಧನುರ್ಮಾಸದಲ್ಲಿ," ಎಂದು ಅಣ್ಣ ಒಂದೊಂದೇ ಮಾತು ಬಿಡಿಸಿ ಹೇಳಿದ. "ನಿನಗೆ ತಲೆ ಸರಿ ಉಂಟಲ್ಲ?"

ಸರಿ ಇರಲಿಲ್ಲ ಅಂತಲೇ ಇಟ್ಟುಕೊಳ್ಳಿ. ಕೋಳಿ ನನಗಾಗಿ ಅಲ್ಲ. ಹುಟ್ಟಿದಾರಭ್ಯ ನಾನು ಮಾಂಸ ಬಾಯಿಗಿಟ್ಟವನಲ್ಲ. ಆದರೆ ಬಹುಕಾಲ ಮುಂಬಯಿಯ ಒಂದು ದೊಡ್ಡ ಹೋಟೆಲಿನ ಪಾಶ್ಚಾತ್ಯ ಅಡುಗೆಯ ವಿಭಾಗದಲ್ಲಿ ಮಾಂಸ ಬೇಯಿಸಿ ಸಂಬಳ ತೆಗೆದುಕೊಂಡವನು. ಅದು ಮುಚ್ಚಿದ ಮೇಲೆ ಅಣ್ಣನ ಹೋಟೆಲಿಗೆ ಬಂದು ದೋಸೆ ಹಿಟ್ಟು, ಚಟ್ನಿ ನೋಡಿಕೊಳ್ಳುತ್ತಿದ್ದೇನೆ. ಭಟ್ಟರ ಮನೆಯ ಹುಡುಗ, ಕುರಿಯ ಕಾಲಿನ ಮಾಂಸವನ್ನು ಮೂಳೆಯಿಂದ ಬಿಡಿಸುವುದನ್ನು ಕಲಿತದ್ದು ಒಬ್ಬರ ಕೈಕೆಳಗೆ. ಉಡುಪಿ ಕಡೆಯ ಕ್ರಿಶ್ಚಿಯನ್ನರು ಅವರು. ಆ ಅಡುಗೆಮನೆಯ ದೊಡ್ಡ ಶೆಫ್. ನಾನು ಅವರನ್ನು ಸರ್ ಎನ್ನುತ್ತಿದ್ದೆ, ಅವರು ನನ್ನನ್ನು ಭಟ್ರೇ ಎನ್ನುತ್ತಿದ್ದರು.

ರುಚಿ ನೋಡದ ಅಡುಗೆಯವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಅವರು ಇಟ್ಟುಕೊಂಡರು. ನಾನು ಮಾಡಿದ ಪ್ರತಿಯೊಂದು ಸಾಸು, ಪ್ರತಿಯೊಂದು ರೋಸ್ಟು ಅವರ ನಾಲಿಗೆಯ ಮೇಲೆ ಹೋಗಿಯೇ ಹೊರಗೆ ಹೋಗುತ್ತಿತ್ತು. ನಾನು ಚಮಚ ಹಿಡಿದು ನಿಂತು ಕೇಳುತ್ತಿದ್ದೆ: "ಸರ್, ಉಪ್ಪು ಸರಿ ಉಂಟಾ?" ಅವರು ಕಣ್ಣು ಮುಚ್ಚಿ ಚಪ್ಪರಿಸಿ, "ಸರಿ ಉಂಟು" ಎನ್ನುತ್ತಿದ್ದರು. ಇಲ್ಲವೇ, "ಎಂತ ಮಾರಾಯ, ಇದನ್ನು ಸಮುದ್ರಕ್ಕೆ ಬಿಟ್ಟರೆ ಸಮುದ್ರ ಬೇಡ ಅಂತ ವಾಪಸ್ ಕೊಡ್ತದೆ" ಎಂದು ಬೈಯುತ್ತಿದ್ದರು. ತಮ್ಮ ನಾಲಿಗೆ ನನಗೆ ಸಂಬಳವಿಲ್ಲದೆ ದುಡಿಯುತ್ತಿದೆ ಎಂದು ಎಲ್ಲರೆದುರು ತಮಾಷೆ ಮಾಡುತ್ತಿದ್ದರು. ರುಚಿ ನೋಡಲಾಗದವನು ಅಳತೆಯನ್ನು ನಂಬಬೇಕು ಎಂದು ಚುಚ್ಚುವ ಥರ್ಮಾಮೀಟರನ್ನು, ಗ್ರಾಂ ತೂಗುವ ತಕ್ಕಡಿಯನ್ನು ನನ್ನ ಕೈಗೆ ಕೊಟ್ಟವರೂ ಅವರೇ.

ಈಗ ಅವರು ವಾಶಿಯಲ್ಲಿ ಮಗಳ ಫ್ಲ್ಯಾಟಿನಲ್ಲಿ ಮಲಗಿದ್ದರು. ಕ್ಯಾನ್ಸರು. ಔಷಧದ ಹೊಡೆತಕ್ಕೆ ಬಾಯಿಯೊಳಗೆಲ್ಲ ಹುಣ್ಣು. ರಕ್ತದಲ್ಲಿ ರೋಗ ತಡೆಯುವ ಕಣಗಳು ಇಳಿದುಹೋಗಿದ್ದವು. ಹೊರಗಿನ ಊಟ ಒಂದು ತುತ್ತೂ ಕೂಡದು, ಏನು ಕೊಟ್ಟರೂ ಗೊತ್ತಿದ್ದವರ ಕೈಯಲ್ಲೇ ಪೂರಾ ಬೇಯಿಸಿ ಬಿಸಿಬಿಸಿ ಕೊಡಬೇಕು ಎಂದು ಡಾಕ್ಟರು ಹೇಳಿದ್ದರು. ಅವರು ಏನೂ ತಿನ್ನುತ್ತಿರಲಿಲ್ಲ. ಗಂಜಿ ಉಗುಳುತ್ತಿದ್ದರು. ಮಗಳು ಬೇಜಾರಿನಿಂದ, ಏನು ತಿನ್ನಬೇಕು ಅನ್ನಿಸ್ತದೆ ಹೇಳಿ ಪಪ್ಪಾ ಎಂದು ಕೇಳಿದಾಗ ಅವರು ಒಂದೇ ಒಂದು ಹೆಸರು ಹೇಳಿದರಂತೆ. ಕ್ರಿಸ್‌ಮಸ್ಸಿಗೆ ಟರ್ಕಿ. ಭಟ್ರು ಮಾಡಲಿ.

ಮಗಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ. ಫೋನಿನಲ್ಲಿ ಅವಳು ಹೇಳಿದ್ದು ಇಷ್ಟು: "ಅಂಕಲ್, ಡ್ರೈ ಹುವಾ ತೋ ಗಲೇ ಸೇ ನಹೀ ಉತರೇಗಾ. ಕಚ್ಚಾ ರಹಾ ತೋ ಇನ್ಫೆಕ್ಷನ್. ಆಪ್ ಸಂಭಾಲ್ ಲೋಗೇ ನಾ?"

ಒಣಗಿದರೆ ಗಂಟಲಲ್ಲಿ ಇಳಿಯದು, ಹಸಿ ಉಳಿದರೆ ಸೋಂಕು, ನೀವು ನಿಭಾಯಿಸ್ತೀರಲ್ಲ ಎಂದು; ಎರಡೇ ಮಾತಿನಲ್ಲಿ ಇಡೀ ವಿದ್ಯೆ ಬಂತು. ಟರ್ಕಿ ಎಂಬುದು ಎರಡು ಬೇರೆ ಬೇರೆ ಪ್ರಾಣಿಗಳನ್ನು ಒಂದೇ ಚರ್ಮದಲ್ಲಿ ಹೊಲಿದಂಥ ಹಕ್ಕಿ. ಎದೆಯ ಮಾಂಸ ಬೇಗ ಬೇಯುತ್ತದೆ, ಹದ ಸ್ವಲ್ಪ ಮೀರಿದರೂ ಹತ್ತಿಯಾಗುತ್ತದೆ. ತೊಡೆ ನಿಧಾನ, ಎದೆ ಬೆಂದಾಗ ತೊಡೆಯ ಕೀಲಿನ ಹತ್ತಿರ ಇನ್ನೂ ಹಸಿ. ತೊಡೆಗಾಗಿ ಕಾದರೆ ಎದೆ ಒಣಗಿತು. ಎದೆಯನ್ನು ಉಳಿಸಲು ಹೋದರೆ ತೊಡೆಯಲ್ಲಿ ರೋಗ ಉಳಿಯಿತು. ಗಟ್ಟಿಮುಟ್ಟಾದವರಿಗೆ ಬಡಿಸುವಾಗ ಈ ಎರಡರ ನಡುವೆ ಸ್ವಲ್ಪ ಹೆಚ್ಚುಕಡಿಮೆ ನಡೆಯುತ್ತದೆ. ಇವರ ವಿಷಯದಲ್ಲಿ ನಡೆಯುವಂತಿರಲಿಲ್ಲ. ಒಣಗಿದರೆ ಹುಣ್ಣಿನ ಬಾಯಲ್ಲಿ ಇಳಿಯದು, ಹಸಿ ಉಳಿದರೆ ನಾನೇ ಅವರನ್ನು ಕೊಂದ ಹಾಗೆ.

ಮಗಳ ಫ್ರಿಜ್ಜಿನಲ್ಲಿ ಇಂಜೆಕ್ಷನ್ನು, ಅವರ ಊಟ. ಅಂಗಡಿಯಿಂದ ಕಲ್ಲಿನಂತೆ ಹೆಪ್ಪುಗಟ್ಟಿ ಬರುವ ಹಸಿ ಹಕ್ಕಿಯನ್ನು ಅಲ್ಲಿ ಕರಗಲು ಬಿಡುವುದಕ್ಕೆ ನನಗೆ ಧೈರ್ಯವಿರಲಿಲ್ಲ. ಡೊಂಬಿವಲಿಯ ನನ್ನ ಮನೆಯ ಫ್ರಿಜ್ಜಿನ ಮಾತೆತ್ತಿದಾಗ ಹೆಂಡತಿ ಕೇಳಿಸಿಕೊಂಡಂತೆಯೇ ಮಾಡಲಿಲ್ಲ. ಉಳಿದವನು ಅಣ್ಣ. ಅವನು ಓಣಿಯಲ್ಲಿ ಒಮ್ಮೆ ಹಿಂದೆಮುಂದೆ ನೋಡಿ, "ಹಿಂದಿನ ಉಗ್ರಾಣದಲ್ಲಿ ಹಳೇ ಕೋಲ್ಡ್ರಿಂಕ್ಸಿನ ಫ್ರಿಜ್ಜುಂಟಲ್ಲ, ಅದರಲ್ಲಿಡು. ಆಳುಗಳಿಗೆ ಹೇಳಬೇಡ. ಹಾಲಿನ ಹತ್ತಿರ ತರಬೇಡ," ಎಂದ.

ನಾನು ಆ ಫ್ರಿಜ್ಜನ್ನು ಬಿಸಿನೀರಿನಲ್ಲಿ ತೊಳೆದೆ. ಥರ್ಮಾಮೀಟರನ್ನು ಮೊದಲು ಮಂಜುಗಡ್ಡೆಯ ನೀರಿನಲ್ಲಿಟ್ಟು ಸೊನ್ನೆ ತೋರಿಸುತ್ತದೆಯೇ ಎಂದು ನೋಡಿ, ಆಮೇಲೆ ಫ್ರಿಜ್ಜಿನೊಳಗಿಟ್ಟೆ. ನಾಲ್ಕು ಡಿಗ್ರಿಗೆ ನಿಂತಿತು. ವಾಶಿಯ ಮಾಂಸದಂಗಡಿಯಿಂದ ತಂದ ಹಕ್ಕಿಯನ್ನು ಆಳವಾದ ತಟ್ಟೆಯಲ್ಲಿ, ನೀರು ಹೊರಗೆ ಚೆಲ್ಲದ ಹಾಗೆ ಇಟ್ಟೆ. ಹೊರಗೆ ಇಟ್ಟು ಕರಗಿಸಿದರೆ ಒಳಗೆ ಕಲ್ಲಾಗಿರುವಾಗಲೇ ಹೊರಪದರ ಬೆಚ್ಚಗಾಗಿ ಕ್ರಿಮಿಗಳಿಗೆ ಹಬ್ಬವಾಗುತ್ತದೆ. ಫ್ರಿಜ್ಜಿನಲ್ಲಿ ಕರಗುವುದು ನಿಧಾನ, ಆದರೆ ನಿರ್ಭಯ. ಮಾಜಿವಾಡಾದ ಒಂದು ಮದುವೆ ಮಂಟಪದ ಅಡುಗೆಮನೆಯಲ್ಲಿ ನನ್ನ ಹಳೆಯ ಜೊತೆಗಾರನೊಬ್ಬನಿದ್ದ. ಕ್ರಿಸ್‌ಮಸ್ಸಿನ ಬೆಳಿಗ್ಗೆ ದೊಡ್ಡ ಓವನ್ ಬಿಟ್ಟುಕೊಡುತ್ತೇನೆ ಎಂದಿದ್ದ. ಬೇಯಿಸಿದ್ದನ್ನು ಬಿಸಿ ಆರದ ಪೆಟ್ಟಿಗೆಯಲ್ಲಿ ವಾಶಿಗೆ ಒಯ್ಯುವುದೆಂದಿದ್ದೆ. ಎಲ್ಲ ಸರಿಯಾಗಿತ್ತು. ನನ್ನ ಪಾಳಿ ಮಧ್ಯಾಹ್ನದಿಂದ; ದಿನಾ ಹೋದ ಕೂಡಲೇ ಬಾಗಿಲು ತೆಗೆದು ನೋಡುತ್ತಿದ್ದೆ, ತಣ್ಣಗೇ ಇರುತ್ತಿತ್ತು.

ಕ್ರಿಸ್‌ಮಸ್ಸಿನ ಹಿಂದಿನ ದಿನ ಉಪ್ಪು ಸವರಬೇಕೆಂದು ಬೆಳಿಗ್ಗೆ ಬೇಗ ಹೋದೆ. ಹೋಟೆಲಿನೊಳಗೆ ಧನುರ್ಮಾಸದ ಪೂಜೆ ನಡೆಯುತ್ತಿತ್ತು. ತಂದೆಯ ಕಾಲದಿಂದ ಬಂದ ಪದ್ಧತಿ. ಶಟರ್ ಎತ್ತುವ ಮೊದಲು ದೇವರಿಗೆ ಹುಗ್ಗಿ ನೈವೇದ್ಯ, ಆಮೇಲೆ ಮೊದಲ ಗಿರಾಕಿಗಳಿಗೆ ಬಾಳೆಲೆಯ ತುಂಡಿನಲ್ಲಿ ಅದೇ ಪ್ರಸಾದ. ಗಂಟೆಯ ಸದ್ದು ಕೇಳುತ್ತಲೇ ನಾನು ಉಗ್ರಾಣಕ್ಕೆ ಹೋದೆ. ಫ್ರಿಜ್ಜು ಖಾಲಿ.

ಹಿಂದಿನ ಬಾಗಿಲು ತೆರೆದು ಓಣಿಗೆ ಬಂದೆ. ಗೋಡೆಯ ಬದಿಗೆ ಬೋರಲು ಹಾಕಿದ ಹಾಲಿನ ಕ್ರೇಟಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಹಕ್ಕಿ, ಹಕ್ಕಿಯ ಮೇಲೆ ನೀಟಾಗಿ ಹೊದೆಸಿದ ಬಾಳೆಲೆ. ಇಡ್ಲಿ ಸ್ಟೀಮರಿನ ಹಬೆ ಹೊರಗೆ ಬರುವ ಕಿಂಡಿ ಅದರ ತಲೆಯ ಮೇಲೆಯೇ ಇತ್ತು. ಬೆಕ್ಕೊಂದು ಸ್ವಲ್ಪ ದೂರದಲ್ಲಿ ಕುಳಿತು ಬಾಳೆಲೆಯನ್ನೇ ನೋಡುತ್ತಿತ್ತು.

ನಾನು ಎಲೆ ಸರಿಸಿ ಥರ್ಮಾಮೀಟರನ್ನು ಎದೆಯ ಚರ್ಮದ ಕೆಳಗೆ ತೂರಿಸಿದೆ. ಅಂಕಿ ಏರುತ್ತಾ ಹೋಗಿ ಇಪ್ಪತ್ತೆರಡಕ್ಕೆ ನಿಂತಿತು. ಇನ್ನೊಂದು ಕಡೆ ಚುಚ್ಚಿದೆ. ಅಲ್ಲೂ ಅಷ್ಟೇ.

ಪೂಜೆ ಮುಗಿಸಿ ಅಣ್ಣ ಪಂಚೆಯಲ್ಲೇ ಬಂದ. ಹಣೆಯಲ್ಲಿ ಗಂಧ ಇನ್ನೂ ಹಸಿಯಾಗಿತ್ತು. ನನ್ನನ್ನು ನೋಡಿ ಅವನ ಮುಖ ಸಣ್ಣಗಾಯಿತು.

"ಯಾರು ತೆಗೆದದ್ದು?"

"ನಾನೇ. ಆಳುಗಳ ಕೈಲಿ ಮಾಡಿಸಲಿಲ್ಲ."

"ಎಷ್ಟು ಹೊತ್ತಾಯ್ತು?"

"ಪೂಜೆಗೆ ಮೊದಲು ತೆಗೆದು ಇಡ್ತೇನೆ. ನೈವೇದ್ಯ ಆಗಿ, ಹುಗ್ಗಿ ಹಂಚಿ ಮುಗಿದ ಮೇಲೆ ವಾಪಸ್ ಒಳಗೆ ಇಡ್ತೇನೆ. ಎರಡು ಮೂರು ಗಂಟೆ ಅಷ್ಟೆ."

"ಇಡ್ತೇನೆ ಅಂದ್ರೆ? ನಿನ್ನೆಯೂ ತೆಗೆದಿದ್ಯಾ?"

"ಮೊನ್ನೆಯೂ," ಎಂದ ಅಣ್ಣ. ಕೈಯಲ್ಲಿದ್ದ ತೀರ್ಥದ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಇದ್ದ. "ನೀನು ಕೇಳಿದಾಗ ನಿನಗೆ ಇಲ್ಲ ಅನ್ಲಿಕ್ಕೆ ಆಗ್ಲಿಲ್ಲ. ದೇವರಿಗೂ ಇಲ್ಲ ಅನ್ಲಿಕ್ಕೆ ಆಗ್ಲಿಲ್ಲ. ಒಂದೇ ಸೂರಿನಡಿ ಅದನ್ನಿಟ್ಟು ಹೇಗೆ ನೈವೇದ್ಯ ಮಾಡುದು, ನೀನೇ ಹೇಳು."

ನನಗೆ ವಿಪರೀತ ಸಿಟ್ಟು ಬಂತು. ನಾನು ಸಹಜವಾಗಿಯೇ ಸಿಡುಕ. ಮುಂಬಯಿಯ ಆ ಅಡುಗೆಮನೆಯಲ್ಲಿ ನನ್ನ ಬಾಯಿಗೆ ಹೆದರದವರಿರಲಿಲ್ಲ. ಆದರೆ ಹುಟ್ಟಿದ ಮೇಲೆ ಮೀನಿನ ಬುಟ್ಟಿಯನ್ನೂ ಮುಟ್ಟದ ಮನುಷ್ಯ, ಬೆಳಗಿನ ಚಳಿಯಲ್ಲಿ ಸ್ನಾನಕ್ಕೆ ಮೊದಲು ಹಕ್ಕಿಯನ್ನು ಎರಡು ಕೈಯಲ್ಲಿ ಎತ್ತಿ ಹೊರಗಿಟ್ಟು, ಪೂಜೆ ಮುಗಿಸಿ ಮತ್ತೆ ಎತ್ತಿ ಒಳಗಿಟ್ಟು, ಎರಡನೇ ಸಲ ಸ್ನಾನ ಮಾಡಿ ಗಲ್ಲಾದಲ್ಲಿ ಕೂರುತ್ತಿದ್ದನಲ್ಲ. ಅವನಿಗೆ ಏನು ಬೈಯುವುದು? ಬಿಸಿಲು ಬೀಳದಿರಲಿ ಎಂದು ಎಲೆ ಹೊದೆಸಿದ್ದ ಪುಣ್ಯಾತ್ಮ.

"ಬೇಯಿಸಿದ್ರೆ ಎಲ್ಲ ಸಾಯುದಿಲ್ವಾ?" ಎಂದು ಅವನೇ ಮೆಲ್ಲಗೆ ಕೇಳಿದ.

ಅದೇ ಪ್ರಶ್ನೆ ನನ್ನೊಳಗೂ ಓಡುತ್ತಿತ್ತು. ಮೂಸಿ ನೋಡಿದೆ, ವಾಸನೆಯಿರಲಿಲ್ಲ. ಬಣ್ಣ ಕೆಟ್ಟಿರಲಿಲ್ಲ. ಯಾವ ಗಿರಾಕಿಗೂ ಗೊತ್ತಾಗುವಂತಿರಲಿಲ್ಲ. ಆದರೆ ಮೂರು ದಿನವೂ ಬೆಚ್ಚಗಾಗಿ, ನಡುನಡುವೆ ತಣ್ಣಗಾದ ಮಾಂಸ ಅದು. ಬೆಂಕಿ ಕ್ರಿಮಿಗಳನ್ನು ಕೊಲ್ಲುತ್ತದೆ, ನಿಜ. ಕೆಲವು ಕ್ರಿಮಿಗಳು ಸಾಯುವ ಮೊದಲೇ ವಿಷ ಬಿಟ್ಟಿರುತ್ತವೆ, ಆ ವಿಷ ಕುದಿಸಿದರೂ ಹೋಗುವುದಿಲ್ಲ. ನನಗೆ, ನಿಮಗೆ ಆದರೆ ಒಂದು ರಾತ್ರಿಯ ಹೊಟ್ಟೆನೋವು. ಅವರಿಗೆ ಆಸ್ಪತ್ರೆ, ಆಮೇಲೆ ಮನೆಗೆ ಬರುತ್ತಾರೆಂಬ ಖಾತ್ರಿಯಿಲ್ಲ.

"ಬಿಸಾಡಬೇಕು," ಎಂದೆ.

ಅಣ್ಣ ಹೌಹಾರಿದ. ಅವನ ಅಂಗಡಿಯಲ್ಲಿ ಒಂದು ಹಿಡಿ ಅನ್ನವನ್ನೂ ಬಿಸಾಡುವುದಿಲ್ಲ. ಆದರೂ ಅವನೇ ಹೋಗಿ ಎರಡು ಕರಿ ಚೀಲ ತಂದು ಬಾಯಿ ಅಗಲಿಸಿ ಹಿಡಿದ. ನಾನು ಹಕ್ಕಿಯನ್ನು ಅದರೊಳಗಿಳಿಸಿದೆ. ಬೆಕ್ಕಿಗೂ ಸಿಗದ ಹಾಗೆ ಗಂಟು ಹಾಕಿದೆವು.

ಅದೇ ಹೊತ್ತಿಗೆ ಮಾಜಿವಾಡಾದಿಂದ ಫೋನು. ಮಂಟಪಕ್ಕೆ ದೊಡ್ಡ ರಿಸೆಪ್ಷನ್ ಬಂದು ಬಿದ್ದಿದೆ, ಓವನ್ ಕೊಡಲಾಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಕೋಳಿಯೇ ಇಲ್ಲದವನಿಗೆ ಓವನ್ ಯಾಕೆ? ಉಗ್ರಾಣದ ಅಕ್ಕಿ ಮೂಟೆಯ ಮೇಲೆ ಕುಳಿತೆ. ಏಳುವುದಕ್ಕೆ ಮನಸ್ಸಿರಲಿಲ್ಲ. ಮಗಳಿಗೆ ಫೋನು ಮಾಡಿ ಆಗಲಿಲ್ಲವಮ್ಮ ಎಂದುಬಿಡೋಣ ಅನ್ನಿಸಿತು. ಒಬ್ಬ ಮನುಷ್ಯ ಇನ್ನು ಏನೂ ಕೇಳಲಾರ, ಕೇಳಿದ್ದು ಒಂದೇ ಒಂದು, ಅದನ್ನೂ ನಾನು ಬಾಳೆಲೆಯಡಿ ಕಳೆದುಕೊಂಡೆ ಎಂದು ಯೋಚಿಸುತ್ತಾ ಕುಳಿತಿದ್ದೆ.

ಅಣ್ಣ ಪಂಚೆ ಬದಲಿಸಿ ಪ್ಯಾಂಟು ಹಾಕಿಕೊಂಡು ಬಂದ. ಗಲ್ಲಾದ ಕೀಲಿಯನ್ನು ಅತ್ತಿಗೆಗೆ ಕೊಟ್ಟಿದ್ದ. ಕೈಯಲ್ಲಿ ಜ್ಯೂಸ್ ಕೌಂಟರಿನ ಮಂಜುಗಡ್ಡೆ ತುಂಬಿದ ದೊಡ್ಡ ಡಬ್ಬಿ. "ಏಳು. ಎಲ್ಲಿ ಸಿಗ್ತದೆ ಅದು, ಅಲ್ಲಿಗೆ ಹೋಗುವ," ಎಂದ.

ಠಾಣೆಯಿಂದ ವಾಶಿಯವರೆಗೆ ಲೋಕಲ್ ರೈಲಿನಲ್ಲಿ ಅಣ್ಣ ಡಬ್ಬಿಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದ. ವಾಶಿಯ ಅಂಗಡಿಯವನು ನಮ್ಮನ್ನು ನೋಡಿ ನಕ್ಕ. ಕ್ರಿಸ್‌ಮಸ್ಸಿನ ಹಿಂದಿನ ದಿನ ಟರ್ಕಿ ಕೇಳಿಕೊಂಡು ಬಂದಿದ್ದಾರೆ, ಅದೂ ಒಬ್ಬರ ಹಣೆಯಲ್ಲಿ ಗಂಧ. ಅವನ ಫ್ರೀಜರಿನ ತಳದಲ್ಲಿ ಯಾರೂ ಮುಟ್ಟದ ಒಂದೇ ಒಂದು ಉಳಿದಿತ್ತು. ಸಣ್ಣದು. ಒಂದು ರೆಕ್ಕೆ ಮುರಿದಿತ್ತು, ಎದೆಯ ಮೇಲೆ ಚರ್ಮ ಹರಿದಿತ್ತು, ಮೇಜಿನ ಮೇಲೆ ಇಡುವ ರೂಪವಲ್ಲ. ಪ್ಲಾಸ್ಟಿಕ್ ಮಾತ್ರ ಎಲ್ಲೂ ಒಡೆದಿರಲಿಲ್ಲ. ಒಳಗೆ ಕಲ್ಲು.

ಫ್ರಿಜ್ಜಿನಲ್ಲಿ ಕರಗಿಸುವಷ್ಟು ಸಮಯ ಉಳಿದಿರಲಿಲ್ಲ. ಇನ್ನೊಂದೇ ದಾರಿ ತಣ್ಣೀರು. ಚೀಲ ಬಿಚ್ಚದೆ ಹಕ್ಕಿಯನ್ನು ತಣ್ಣೀರಿನಲ್ಲಿ ಮುಳುಗಿಸಿ, ಅರ್ಧರ್ಧ ಗಂಟೆಗೆ ನೀರು ಬದಲಿಸುತ್ತಲೇ ಇರಬೇಕು. ಕರಗಿದ ಕೂಡಲೇ ಕೆಲಸ ಶುರು ಮಾಡಬೇಕು. ಮಗಳ ಮನೆಯ ಬಚ್ಚಲಿನಲ್ಲಿ ಹೊಸ ಬಕೆಟ್ಟು ಇಟ್ಟೆ. ಅಣ್ಣ ಪ್ಯಾಂಟು ಮಡಚಿ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತ. ಫೋನಿನಲ್ಲಿ ಅಲಾರಂ ಇಟ್ಟುಕೊಂಡು, ಸದ್ದಾದಾಗಲೆಲ್ಲ ನೀರು ಚೆಲ್ಲಿ, ಹೊಸ ನೀರು ಹಿಡಿದು, ಒಂದಷ್ಟು ಮಂಜುಗಡ್ಡೆ ಹಾಕಿದ. ಮಗಳು ಕೊಟ್ಟ ಕಾಫಿ ಮಾತ್ರ ಕುಡಿದ. ತುಟಿ ಅಲ್ಲಾಡುತ್ತಿತ್ತು, ಜಪವೋ, ಲೆಕ್ಕವೋ ಗೊತ್ತಿಲ್ಲ.

ನಾನು ಅವರ ಕೋಣೆಗೆ ಹೋದೆ. ಕಿಟಕಿಯ ಬದಿಯ ಮಂಚದಲ್ಲಿ ಒಂದು ಹಿಡಿಯಾಗಿದ್ದರು. ಇಡೀ ಅಡುಗೆಮನೆಗೆ ಕೇಳಿಸುವ ಹಾಗೆ ಕೂಗುತ್ತಿದ್ದ ಗಂಟಲಿನಿಂದ ಈಗ ಗಾಳಿಯೇ ಹೆಚ್ಚು ಬರುತ್ತಿತ್ತು.

"ಭಟ್ರು ಬಂದ್ರಾ? ಹಕ್ಕಿ ಹೇಗುಂಟು?"

ನಡೆದದ್ದನ್ನೆಲ್ಲ ಹೇಳಿದೆ. ಬಾಳೆಲೆಯ ವಿಷಯಕ್ಕೆ ಅವರ ಹೊಟ್ಟೆ ಸ್ವಲ್ಪ ಕುಲುಕಿತು, ನಕ್ಕಿದ್ದಿರಬೇಕು. ಆಮೇಲೆ ನಾನು ಕಷ್ಟದ ಮಾತಿಗೆ ಬಂದೆ. ಮನೆಯಲ್ಲಿರುವುದು ಮೇಜಿನ ಮೇಲಿಡುವ ಸಣ್ಣ ಓವನ್. ಇಡೀ ಹಕ್ಕಿ ಅದರಲ್ಲಿ ಹಿಡಿಸುವುದಿಲ್ಲ. ಹಿಡಿಸಿದರೂ ಮೇಲಿನ ಸರಳು ಎದೆಗೆ ತಾಗಿ ಎದೆ ಸುಟ್ಟು, ಕೀಲು ಹಸಿಯಾಗಿ ಉಳಿಯುತ್ತದೆ. ಕತ್ತರಿಸಿಯೇ ಬೇಯಿಸಬೇಕು, ಎದೆ ಬೇರೆ, ಕಾಲು ಬೇರೆ.

ಇಡೀ ಹಕ್ಕಿ ಹೊಂಬಣ್ಣಕ್ಕೆ ತಿರುಗಿ ಮೇಜಿಗೆ ಬರುವುದೇ ಅವರ ಪಾಲಿಗೆ ಕ್ರಿಸ್‌ಮಸ್ಸು. ಆ ಹೋಟೆಲಿನಲ್ಲಿ ಅವರು ತಾವೇ ತಟ್ಟೆ ಹೊತ್ತು ಊಟದ ಕೋಣೆಗೆ ಹೋಗುತ್ತಿದ್ದದ್ದು ವರ್ಷಕ್ಕೆ ಅದೊಂದು ದಿನ.

"ಕತ್ತರಿಸಿ ಬೇಯಿಸುವವ ಕಸಾಯಿ, ಭಟ್ರೇ. ಕುಕ್ಕು ಅಲ್ಲ."

"ಇಡೀ ಬೇಯಿಸಿದ್ರೆ ನಿಮಗೆ ತಿನ್ಲಿಕ್ಕಾಗುದಿಲ್ಲ ಸರ್. ಬರೀ ನೋಡ್ಲಿಕ್ಕೆ ಆದೀತು."

"ಹಾಗಾದ್ರೆ ನೋಡ್ತೇನೆ."

"ನಿಮ್ಮ ಮಗಳು ನಿಮಗೆ ನೋಡ್ಲಿಕ್ಕೆ ಅಲ್ಲ ಮಾಡಿಸ್ತಾ ಇರುದು."

ಅವರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದರು. ನಾನು ಎದ್ದು ಬಂದೆ. ಅವರ ಎದುರು ನಾನು ಎದುರುತ್ತರ ಕೊಟ್ಟದ್ದು ಅದೇ ಮೊದಲು. ಅಡುಗೆಮನೆಯಲ್ಲಿ ನಿಂತು ಚಾಕು ಮಸೆದೆ. ಅವರು ಗೋಡೆ ನೋಡುತ್ತಲೇ ಮಲಗಿ, ನಾಳೆ ತಟ್ಟೆಯನ್ನೇ ಮುಟ್ಟದೆ ಹೋದರೆ ಏನು ಮಾಡುವುದು ಎಂದು ಯೋಚಿಸಿದೆ. ಆದರೂ ಕತ್ತರಿಸುವುದೆಂದು ನಿರ್ಧಾರ ಮಾಡಿದೆ.

ಸಂಜೆಗೆ ಹಕ್ಕಿ ಕರಗಿತು. ಹೊಟ್ಟೆಯೊಳಗೆ ಕೈ ಹಾಕಿ ಮಂಜಿನ ಚೂರು ಉಳಿದಿಲ್ಲವೆಂದು ನೋಡಿಕೊಂಡೆ. ಅಣ್ಣ ನಲ್ಲಿ ತಿರುಗಿಸಿ, "ತೊಳೀಲಿಕ್ಕೆ ನೀರು ಹಿಡಿಯುದಾ?" ಎಂದು ಕೇಳಿದ.

"ತೊಳೀಬಾರದು."

"ತೊಳೆಯದೆ ಹೇಗೆ ಮಾರಾಯ? ನಾವು ಬೆಂಡೆಕಾಯಿಯನ್ನೇ ಮೂರು ಸಲ ತೊಳೀತೇವೆ."

"ಇದನ್ನು ತೊಳೆದ್ರೆ ಹನಿ ಹಾರಿ ಸಿಂಕು, ಗೋಡೆ, ಅವರ ಲೋಟ ಎಲ್ಲದಕ್ಕೂ ರೋಗ ಹತ್ತುತ್ತದೆ. ಕಾಗದದಲ್ಲಿ ಒರೆಸುದು ಅಷ್ಟೆ. ತೊಳೀಬೇಕಾದ್ದು ನಮ್ಮ ಕೈ."

ಅಣ್ಣ ನಲ್ಲಿ ನಿಲ್ಲಿಸಿದ. ಅವನಿಗೆ ನಂಬಿಕೆ ಬಂದಂತಿರಲಿಲ್ಲ. ಕೈ ಮಾತ್ರ ಮೊಣಕೈಯವರೆಗೆ ಸೋಪು ಹಚ್ಚಿ ತೊಳೆದುಕೊಂಡ.

ಕಾಲುಗಳನ್ನು ಕೀಲಿನಲ್ಲಿ ಬಿಡಿಸಿದೆ. ಬೆನ್ನೆಲುಬನ್ನು ತೆಗೆದೆ. ಎದೆಯನ್ನು ಮೂಳೆಯ ಮೇಲೆಯೇ ಉಳಿಸಿಕೊಂಡೆ. ಮೂಳೆ ಇದ್ದರೆ ಮಾಂಸ ಕುಗ್ಗುವುದು ಕಡಿಮೆ. ಉಪ್ಪನ್ನು ಮಾಂಸದ ತೂಕಕ್ಕೆ ಸರಿಯಾಗಿ ಗ್ರಾಂ ಲೆಕ್ಕದಲ್ಲಿ ತೂಗಿ, ಚರ್ಮದ ಕೆಳಗೆ ಬೆರಳು ತೂರಿಸಿ ಸವರಿದೆ. ಉಪ್ಪು ಮೊದಲು ನೀರನ್ನು ಹೊರಗೆಳೆಯುತ್ತದೆ. ರಾತ್ರಿಯಿಡೀ ಬಿಟ್ಟರೆ ಆ ನೀರೇ ಉಪ್ಪಿನೊಂದಿಗೆ ಮಾಂಸದೊಳಗೆ ಹೋಗಿ ನಿಲ್ಲುತ್ತದೆ, ಬೇಯುವಾಗ ಸುಲಭಕ್ಕೆ ಬಿಡುವುದಿಲ್ಲ. ಮಗಳು ಔಷಧವನ್ನೂ ಅಪ್ಪನ ಊಟವನ್ನೂ ಪಕ್ಕದ ಮನೆಯ ಫ್ರಿಜ್ಜಿಗೆ ಸಾಗಿಸಿದಳು. ತುಂಡುಗಳನ್ನು ಮುಚ್ಚಳದ ಸ್ಟೀಲು ಡಬ್ಬಿಗಳಲ್ಲಿ ಖಾಲಿಯಾದ ಫ್ರಿಜ್ಜಿನ ಕೆಳಗಿನ ಹಂತದಲ್ಲಿಟ್ಟೆ. ಹಲಗೆ, ಚಾಕು, ಕಟ್ಟೆ ಎಲ್ಲವನ್ನೂ ಸೋಪಿನಿಂದ ತೊಳೆದು, ಮೇಲೆ ಕುದಿನೀರು ಹೊಯ್ದೆ. ಅಣ್ಣ ಬೆಳಗಿನ ಪೂಜೆಗೆಂದು ಕೊನೆಗೂ ಹೊರಟ. ಅವರ ಕೋಣೆಯ ಬಾಗಿಲಲ್ಲಿ ನಿಂತು ಕೈಮುಗಿದು ಹೋದ. ಅವರು ಆ ಕಡೆ ತಿರುಗಿಯೇ ಮಲಗಿದ್ದರು.

ಮರುದಿನ ಬೆಳಿಗ್ಗೆ ಮಗಳು ಚರ್ಚಿಗೆ ಹೋದಳು. ಬೆನ್ನೆಲುಬು, ಕುತ್ತಿಗೆಗಳನ್ನು ನೀರುಳ್ಳಿ, ಸೆಲರಿಯೊಂದಿಗೆ ಕುದಿಸಿ ಮೊದಲು ಸಾರು ತೆಗೆದೆ. ಕಾಲುಗಳನ್ನು ಅದೇ ಸಾರಿನಲ್ಲಿ ಅರ್ಧ ಮುಳುಗಿಸಿ, ಗಟ್ಟಿ ಮುಚ್ಚಳ ಹಾಕಿ ಒಲೆಯ ಮೇಲೆ ಸಣ್ಣ ಉರಿಗಿಟ್ಟೆ. ಕಾಲಿನ ನಾರು ಸಡಿಲಾಗಬೇಕಾದರೆ ಎಂಬತ್ತು ಡಿಗ್ರಿ ದಾಟಬೇಕು. ಅಲ್ಲಿ ಅವಸರವೂ ಇಲ್ಲ, ಒಣಗುವ ಭಯವೂ ಇಲ್ಲ. ಭಯವೆಲ್ಲ ಎದೆಯದು. ಚರ್ಮದ ಕೆಳಗೆ ಬೆಣ್ಣೆ ತುಂಬಿ, ಹರಿದ ಜಾಗಕ್ಕೆ ಬೆಣ್ಣೆ ಕಾಗದ ಹೊದೆಸಿ, ಓವನ್ನಿನ ಬಿಸಿ ತಗ್ಗಿಸಿ ಒಳಗಿಟ್ಟೆ. ಉರಿ ಜೋರಾದರೆ ನಡುವಿಗೆ ಬಿಸಿ ಮುಟ್ಟುವಷ್ಟರಲ್ಲಿ ಹೊರಪದರ ಹತ್ತಿಯಾಗಿರುತ್ತದೆ. ಅವರು ಹಕ್ಕಿಯ ಹೊಟ್ಟೆಯಲ್ಲಿ ತುಂಬುತ್ತಿದ್ದ ಬ್ರೆಡ್ಡಿನ ಮಸಾಲೆಯನ್ನು ನಾನು ಬೇರೆಯೇ ತಟ್ಟೆಯಲ್ಲಿ ಬೇಯಿಸಿದೆ. ಹೊಟ್ಟೆಯಲ್ಲಿ ತುಂಬಿದರೆ ಹಸಿ ರಸವನ್ನೆಲ್ಲ ಅದು ಕುಡಿದು, ಹಕ್ಕಿ ಬೆಂದರೂ ತಾನು ಬೇಯದೆ ಕೂರುತ್ತದೆ.

ಥರ್ಮಾಮೀಟರು ಐವತ್ತರ ಹತ್ತಿರ ಬಂದಾಗ ಓವನ್ನಿನ ದೀಪ ಆರಿತು. ಇಡೀ ಮನೆಯ ಕರೆಂಟು ಹೋಗಿತ್ತು. ಅರೆಬಿಸಿಯಲ್ಲಿ ನಿಂತ ಮಾಂಸದಷ್ಟು ಅಪಾಯ ಇನ್ನೊಂದಿಲ್ಲ. ಕತ್ತಲೆಯ ಮೀಟರ್ ಪೆಟ್ಟಿಗೆಯಲ್ಲಿ ತಡಕಾಡಿ ಬಿದ್ದ ಸ್ವಿಚ್ಚನ್ನು ಎತ್ತಿದೆ. ಮತ್ತೆ ಬಿತ್ತು. ಅಪ್ಪನಿಗೆ ಮೈ ಒರೆಸಲೆಂದು ಮಗಳು ಹೋಗುವಾಗ ಗೀಸರ್ ಹಾಕಿ ಹೋಗಿದ್ದಳು. ಎರಡನ್ನೂ ಒಟ್ಟಿಗೆ ಆ ಮನೆ ತಾಳಲಿಲ್ಲ. ಗೀಸರ್ ಆರಿಸಿದೆ. ದೀಪ ಬಂತು. ಅಂಕಿ ಸ್ವಲ್ಪ ಹೊತ್ತು ಅಲ್ಲೇ ತೂಗಾಡಿ, ಆಮೇಲೆ ಮೇಲೇರತೊಡಗಿತು. ನಾನು ಓವನ್ನಿನ ಎದುರು ನೆಲದ ಮೇಲೆ ಕುಳಿತುಬಿಟ್ಟೆ. ಗಟ್ಟಿಯಾಗಿ ಅಳಬೇಕು ಅನ್ನಿಸಿತು, ಪಕ್ಕದ ಕೋಣೆಗೆ ಕೇಳಿಸುತ್ತದೆಂದು ಸುಮ್ಮನಾದೆ.

ಅಣ್ಣನ ಫೋನು ಬಂತು. "ಪೂಜೆ ಆಯ್ತು. ಎಷ್ಟು ಡಿಗ್ರಿಗೆ ಬಂತು?"

"ಅರವತ್ತೆಂಟು."

"ಸಾಕಾಗುದಿಲ್ವಾ?"

"ಎಪ್ಪತ್ತನಾಲ್ಕು ಆಗಬೇಕು."

"ಆಗ್ಲಿ," ಎಂದು ಅವನು ಇಟ್ಟ.

ಬೇರೆಯವರಿಗಾದರೆ ನಾನು ಎಪ್ಪತ್ತಕ್ಕೆ ಸ್ವಲ್ಪ ಮೊದಲೇ ಹೊರಗೆ ತೆಗೆಯುತ್ತಿದ್ದೆ. ಒಳಗಿನ ಬಿಸಿ ಉಳಿದ ಕೆಲಸ ಮಾಡುತ್ತದೆ. ಈ ಸಲ ಅಂದಾಜಿಗೆ ಜಾಗವಿರಲಿಲ್ಲ. ರಸ ತಿಳಿಯಾಗಿದೆ, ಬಣ್ಣ ಬಂದಿದೆ ಎಂಬುದನ್ನೂ ನಂಬುವಂತಿಲ್ಲ. ಮೂಳೆಗೆ ತಾಗದಂತೆ ದಪ್ಪನೆಯ ಜಾಗದಲ್ಲಿ ಚುಚ್ಚಿದೆ, ಎಪ್ಪತ್ತನಾಲ್ಕು. ಇನ್ನೊಂದು ಬದಿ, ರೆಕ್ಕೆಯ ಬುಡ; ಎಲ್ಲೆಡೆ ಆದ ಮೇಲೆಯೇ ತೆಗೆದೆ. ಮುಚ್ಚಿಟ್ಟು ಕಾದೆ. ಕೂಡಲೇ ಕೊಯ್ದರೆ ರಸವೆಲ್ಲ ಹಲಗೆಯ ಪಾಲು. ಆಮೇಲೆ ನಾರಿಗೆ ಅಡ್ಡಲಾಗಿ ತೆಳ್ಳಗೆ ಕೊಯ್ದೆ. ಚಾಕುವಿನ ಹಿಂದೆಯೇ ತೇವ ಮಿನುಗಿತು. ತುಂಡುಗಳನ್ನು ಕುದಿಯುವ ಸಾರಿನಲ್ಲಿ ಅದ್ದಿ ತಟ್ಟೆಗಿಟ್ಟೆ. ಕಣ್ಣಿಗೆ ಕಾಣುವುದೆಲ್ಲ ಸರಿಯಿತ್ತು. ಉಳಿದದ್ದು ನನಗೆ ಯಾವತ್ತೂ ತಿಳಿದದ್ದಲ್ಲ.

ಮಗಳು ಅವರನ್ನು ದಿಂಬಿಗೆ ಒರಗಿಸಿ ಕೂರಿಸಿದಳು. ತಟ್ಟೆಯಲ್ಲಿ ಹಕ್ಕಿಯ ರೂಪವೇ ಇರಲಿಲ್ಲ. ನಾಲ್ಕು ಬಿಳಿ ತುಂಡು, ಮೇಲೆ ಸಾರು. ಅವರು ಅದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಬೆರಳಿನಿಂದ ಒಂದು ತುಂಡನ್ನು ಒತ್ತಿದರು. ರಸ ಒಸರಿತು. ಅವರ ಮೂಗಿನಿಂದ ಸಣ್ಣ ಹೂಂಕಾರ ಬಂತು. ಅಡುಗೆಮನೆಯಲ್ಲಿ ಕೆಲಸ ಮುಂದುವರಿಸು ಎನ್ನುವುದಕ್ಕೆ ಅವರು ಮಾಡುತ್ತಿದ್ದ ಸದ್ದು ಅದು.

ಮಗಳು ಒಂದು ಚೂರನ್ನು ಬಾಯಿಗಿಟ್ಟಳು. ಅವರು ಅಗಿಯತೊಡಗಿದರು. ನಾನು ಹಳೆಯ ಅಭ್ಯಾಸದಂತೆ ಕೈಯಲ್ಲಿ ಚಮಚ ಹಿಡಿದು ಮಂಚದ ಪಕ್ಕದಲ್ಲಿ ನಿಂತಿದ್ದೆ. ಅವರ ಕಣ್ಣು ಮುಚ್ಚಿತ್ತು. ಬಹಳ ಹೊತ್ತು ಅಗಿದರು. ಬಾಯಿಯ ನೋವಿಗೆ ಹುಬ್ಬು ಒಮ್ಮೆ ಗಂಟಿಕ್ಕಿತು. ಉಗುಳುತ್ತಾರೆಂದು ಮಗಳು ಬಟ್ಟೆ ಹಿಡಿದು ಮುಂದೆ ಬಂದಳು. ಗಂಟಲ ಗಂಟು ಮೇಲೆ ಹೋಗಿ ಕೆಳಗಿಳಿಯಿತು.

"ಪಪ್ಪಾ, ಉತರ್ ಗಯಾ?"

ಇಳಿಯಿತೆಂದು ಅವರು ತಲೆಯಾಡಿಸಿದರು. ಕಣ್ಣು ತೆರೆದು ಎದುರಿನ ಗೋಡೆಯನ್ನು ನೋಡುತ್ತಾ, ಏನನ್ನೋ ಹುಡುಕುವವರ ಹಾಗೆ ನಾಲಿಗೆಯನ್ನು ಬಾಯೊಳಗೆ ಅತ್ತಿತ್ತ ಆಡಿಸಿದರು. ಮತ್ತೊಮ್ಮೆ ಆಡಿಸಿದರು. ಅವರ ಮುಖ ಬರಿದಾಗುತ್ತಾ ಬಂದದ್ದನ್ನು ನಾನು ನೋಡಿದೆ. ಅವರ ನಾಲಿಗೆಗೆ ಏನೂ ಸಿಗುತ್ತಿರಲಿಲ್ಲ. ಔಷಧ ರುಚಿಯನ್ನೂ ಒಯ್ದಿತ್ತು.

ಆಮೇಲೆ ಅವರು ನನ್ನ ಕಡೆ ತಿರುಗಿದರು. ನಾನು ಅಷ್ಟು ವರ್ಷ ಅವರನ್ನು ಕೇಳಿದ ಅದೇ ದನಿಯಲ್ಲಿ, ಅಷ್ಟೇ ಹಿಂಜರಿಕೆಯಿಂದ ಕೇಳಿದರು.

"ಭಟ್ರೇ, ಉಪ್ಪು ಸರಿ ಉಂಟಾ?"

ಮಗಳು ಮುಖ ಆ ಕಡೆ ಮಾಡಿದಳು. ನಾನು ಚಮಚವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಸರಿ ಉಂಟು ಸರ್," ಎಂದೆ.

ಅವರು ನಂಬಿದರು. ಇನ್ನೊಂದು ತುಂಡಿಗೆ ಬಾಯಿ ತೆರೆದರು.